ಫ್ರಿಜ್ಜಿನೊಳಗಿನ ಒಳ್ಳೆಯ ಜಾಗ

ಟೈಲರ್ ತಾತನಿಗೆ ಆ ವೃದ್ಧರ ಹೋಮಿನಲ್ಲಿ ಒಳ್ಳೊಳ್ಳೆಯ ಜಾಗಗಳೇ ಸಿಕ್ಕಿದ್ದವು. ಗಂಡಸರ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚ ಅವನದು. ಊಟದ ಹಾಲಿನಲ್ಲಿ ಫ್ಯಾನಿನ ಕೆಳಗಿನ ಕುರ್ಚಿ ಅವನದು. ವರಾಂಡದ ತುದಿಯಲ್ಲಿ ಬೆಳಕು ಚೆನ್ನಾಗಿ ಬೀಳುವ ಮೂಲೆ ಅವನ ಹೊಲಿಗೆ ಮಷೀನಿನದು. ಕೊನೆಗೆ ಅವನ ಇನ್ಸುಲಿನ್ನಿಗೂ ಔಷಧಿ ಕೋಣೆಯ ಫ್ರಿಜ್ಜಿನಲ್ಲಿ ಎಲ್ಲರದ್ದಕ್ಕಿಂತ ಒಳ್ಳೆಯ ಜಾಗ ಸಿಕ್ಕಿತು. ಆ ಜಾಗವೇ ಅವನ ಬಲಗಾಲನ್ನು ನುಂಗಿತು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆ ಹೋಮಿನವರಿಗೆ ಗೊತ್ತಾದಾಗ ಗೊತ್ತಾಗಿ ಏನೂ ಉಪಯೋಗವಿರಲಿಲ್ಲ. ಓದುವವರಾದರೂ ಮೊದಲಿನಿಂದ ತಿಳಿದುಕೊಂಡಿರಲಿ.

ಒಳ್ಳೆಯ ಜಾಗಗಳನ್ನು ಅವನು ಯಾರನ್ನೂ ಕಾಡಿ ಬೇಡಿ ಪಡೆದದ್ದಲ್ಲ. ಹೋಮಿಗೆ ಬಂದ ದಿನ ಗಾಡಿಯಿಂದ ಗಂಟುಮೂಟೆಯ ಜೊತೆ ಹಳೆಯ ಪೆಡಲ್ ಮಷೀನೂ ಇಳಿಯಿತು. ಮ್ಯಾನೇಜರು ಅದನ್ನು ನೋಡಿ ಮುಖ ಸಿಂಡರಿಸಿ, ಇಂಥದ್ದಕ್ಕೆಲ್ಲ ಇಲ್ಲಿ ಅವಕಾಶವಿಲ್ಲ ಎಂದರು. ತಾತನಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ.

"ಮಷೀನು ಒಳಗೆ ಬರಲ್ಲ ಅಂದ್ರೆ ನಾನೂ ಬರಲ್ಲ. ಇಬ್ರನ್ನೂ ಒಟ್ಟಿಗೆ ವಾಪಸ್ ಕಳಿಸಿ."

ಮಷೀನು ಒಳಗೆ ಬಂತು. ಸ್ವಲ್ಪ ದಿನದಲ್ಲೇ ಮ್ಯಾನೇಜರ ಪ್ಯಾಂಟಿನ ಸೊಂಟವೂ ಅದರ ಕೆಳಗೆ ಬಂತು. ಆಮೇಲೆ ಹೋಮಿನ ಹರಿದದ್ದು, ಬಿಚ್ಚಿದ್ದು, ಸಡಿಲವಾದದ್ದು ಎಲ್ಲ ಆ ಮೂಲೆಗೇ ಬರತೊಡಗಿತು. ದಿಂಬಿನ ಚೀಲಗಳು, ಗುಂಡಿ ಕಿತ್ತ ಅಂಗಿಗಳು, ಎಲ್ಲಕ್ಕಿಂತ ಹೆಚ್ಚಾಗಿ ಪೈಜಾಮಗಳು. "ವಯಸ್ಸಾಗ್ತಾ ಮನುಷ್ಯ ಸಣ್ಣ ಆಗ್ತಾ ಹೋಗ್ತಾನೆ. ಬಟ್ಟೆಗೆ ಆ ಬುದ್ಧಿ ಇಲ್ಲ, ನಾನೇ ಹೇಳಿಕೊಡಬೇಕು" ಎಂದು ಹೇಳುತ್ತ ಬಲಗಾಲನ್ನು ಪೆಡಲಿನ ಮೇಲೆ ಮುಂದಿಟ್ಟು ತುಳಿಯುತ್ತಿದ್ದ. ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಆ ಕಾಲಿಗೆ ನಿವೃತ್ತಿ ಎಂಬುದು ಗೊತ್ತಿರಲಿಲ್ಲ. ಮಷೀನು ಓಡುತ್ತಿದ್ದರೆ ತಾತ ಇನ್ನೂ ಟೈಲರು. ನಿಂತರೆ ಅವನೂ ಮಂಚದ ಮೇಲಿನ ಇನ್ನೊಬ್ಬ ಮುದುಕ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವನ ಹೆಂಡತಿ ಅದೇ ಹೋಮಿನ ಹೆಂಗಸರ ವಾರ್ಡಿನಲ್ಲಿದ್ದಳು. ನಿಜ ಹೇಳಬೇಕೆಂದರೆ ಹೋಮಿಗೆ ಬಂದದ್ದೇ ಅವಳಿಗಾಗಿ. ಅವಳಿಗೆ ಮರೆವಿನ ಕಾಯಿಲೆ. ಒಲೆ ಹಚ್ಚಿ ಮರೆಯುತ್ತಿದ್ದಳು, ಬೀದಿಗೆ ಹೋಗಿ ಮನೆ ಮರೆಯುತ್ತಿದ್ದಳು. ಗಂಡನನ್ನು ಮಾತ್ರ ಮರೆತಿರಲಿಲ್ಲ. ಅವಳಿಗೊಂದು ಹಳೆಯ ಅಭ್ಯಾಸ: ತನ್ನ ಕೈಗೆ ತಿನ್ನುವುದು ಏನು ಬಂದರೂ ಅರ್ಧ ಗಂಡನಿಗೆ. ಹೋಮಿನಲ್ಲಿ ಸಂಜೆ ಟೀ ಜೊತೆ ಕೊಡುವ ಬಿಸ್ಕತ್ತನ್ನು ಮುರಿದು, ಅರ್ಧ ತಿಂದು, ಉಳಿದರ್ಧವನ್ನು ಗೌನಿನ ಜೇಬಿನಲ್ಲಿಟ್ಟುಕೊಂಡು ವರಾಂಡದ ತುದಿಗೆ ಬರುತ್ತಿದ್ದಳು. ಆ ಜೇಬನ್ನು ಹೊಲಿದುಕೊಟ್ಟವನೂ ತಾತನೇ. ಹೋಮಿನವರು ಅವಳನ್ನು ಬಿಸ್ಕತ್ತಜ್ಜಿ ಎಂದು ಕರೆಯುತ್ತಿದ್ದರು.

"ತಗೊಳ್ಳಿ, ಯಾರೂ ನೋಡ್ತಿಲ್ಲ."

"ನಂಗೆ ಶುಗರ್ ಕಣೇ."

"ಅರ್ಧಕ್ಕೆಲ್ಲ ಏನೂ ಆಗಲ್ಲ ರೀ."

ಬೇಡ ಎಂದರೆ ಅವಳ ಮುಖ ಬಾಡಿಹೋಗುತ್ತಿತ್ತು. ಅದಕ್ಕೆ ತಾತ ಬಾಯಿಗೆ ಹಾಕಿಕೊಂಡಂತೆ ಮಾಡಿ, ಸುಮ್ಮಸುಮ್ಮನೆ ಅಗಿದು, ಅವಳು ಅತ್ತ ತಿರುಗಿದಾಗ ಬಿಸ್ಕತ್ತನ್ನು ಮಷೀನಿನ ಪುಟ್ಟ ಡ್ರಾಯರಿಗೆ ಜಾರಿಸುತ್ತಿದ್ದ. ಎಸೆಯಲು ಮನಸ್ಸು ಬರುತ್ತಿರಲಿಲ್ಲ. ಅವಳು ಕೊಟ್ಟದ್ದನ್ನು ಕಸಕ್ಕೆ ಹಾಕುವುದು ಹೇಗೆ ಎಂದುಕೊಂಡು ಹಾಗೇ ಬಿಟ್ಟಿದ್ದ. ಡ್ರಾಯರಿನಲ್ಲಿ ನೂಲಿನ ಉಂಡೆ, ಬಾಬಿನ್, ಗುಂಡಿಗಳ ಜೊತೆ ಮೆತ್ತಗಾದ ಬಿಸ್ಕತ್ತುಗಳೂ ಸೇರುತ್ತ ಹೋದವು.

ಇನ್ನು ಸಿಸ್ಟರ್. ಔಷಧಿ ಕೋಣೆ ಅವಳ ವಶದಲ್ಲಿತ್ತು. ಕಪಾಟಿನ ಬೀಗದ ಕೈಯನ್ನು ಕೊರಳಿಗೇ ಹಾಕಿಕೊಂಡಿರುತ್ತಿದ್ದಳು. ಒಬ್ಬರ ಮಾತ್ರೆ ಇನ್ನೊಬ್ಬರ ಬಾಯಿಗೆ ಹೋಗದಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವಳು. ಅವಳು ಬಸುರಿಯಾಗಿದ್ದಾಗ ತಾತ ಯಾರೂ ಕೇಳದೆ ಅವಳ ಯೂನಿಫಾರ್ಮನ್ನು ಅಗಲ ಮಾಡಿಕೊಟ್ಟಿದ್ದ, ಹೆತ್ತು ಬಂದ ಮೇಲೆ ಮತ್ತೆ ಕಿರಿದು ಮಾಡಿಕೊಟ್ಟಿದ್ದ. ಅಂದಿನಿಂದ ಅವಳಿಗೆ ಎಲ್ಲರೂ ಪೇಷೆಂಟುಗಳು, ಟೈಲರ್ ತಾತ ಒಬ್ಬ ತಾತ.

ಹಿಂದಿನ ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಯಾರದ್ದೋ ಇನ್ಸುಲಿನ್ ಬಿಸಿಯಾಗಿ ಕೆಟ್ಟಿತ್ತು. ಮ್ಯಾನೇಜರು ಎಲ್ಲರೆದುರು ಸಿಸ್ಟರಿಗೆ ಛೀಮಾರಿ ಹಾಕಿದ್ದರು. ಆ ಅವಮಾನ ಅವಳ ಮನಸ್ಸಿನಿಂದ ಹೋಗಿರಲಿಲ್ಲ. ಈ ಸಲ ಬಿಸಿಲು ಏರುತ್ತಿದ್ದಂತೆ ಫ್ರಿಜ್ಜಿನ ತಂಪು ಹೆಚ್ಚಿಸುವ ತಿರುಗುಣಿಯನ್ನು ಕೊನೆಯವರೆಗೂ ತಿರುಗಿಸಿಟ್ಟಳು. ಉಳಿದವರ ಸೀಸೆಗಳು ಎಂದಿನಂತೆ ಬಾಗಿಲಿನ ಅರೆಯಲ್ಲೇ ಇದ್ದವು. ತಾತನ ಡಬ್ಬಿಯನ್ನು ಮಾತ್ರ ತೆಗೆದು ಎಲ್ಲಕ್ಕಿಂತ ಒಳಗೆ, ಮಂಜು ಕಟ್ಟುವ ಹಿಂದಿನ ತಗಡಿಗೆ ಒತ್ತಿ ಇಟ್ಟಳು. ಕರೆಂಟು ಎಷ್ಟು ಹೊತ್ತು ಹೋದರೂ ಅಲ್ಲಿ ತಣ್ಣಗಿರುತ್ತದೆ ಎಂಬುದು ಅವಳ ಲೆಕ್ಕ. ತಾತನ ಮಗಳು ದೂರದಿಂದ ಬಸ್ಸಿನಲ್ಲಿ ಐಸಿನ ಫ್ಲಾಸ್ಕಿನಲ್ಲಿಟ್ಟು ತರುವ ಮದ್ದು ಅದು, ಹಾಳಾಗಬಾರದು.

ಇನ್ಸುಲಿನ್ ಬಿಸಿಗೆ ನಿಧಾನವಾಗಿ ಕೆಡುತ್ತದೆ. ಹೆಪ್ಪುಗಟ್ಟಿದರೆ ಒಂದೇ ಸಲಕ್ಕೆ ಹಾಳಾಗುತ್ತದೆ, ಕರಗಿದ ಮೇಲೂ ಅದಕ್ಕೆ ಹಳೆಯ ಶಕ್ತಿ ಬರುವುದಿಲ್ಲ. ಸಿಸ್ಟರ್ ಇದನ್ನು ಓದಿರಲಿಲ್ಲವೆಂದಲ್ಲ. ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಬಿಸಿಯ ಭಯ ಆ ಪಾಠವನ್ನು ಮರೆಸಿಬಿಟ್ಟಿತ್ತು. ಇರುಳೆಲ್ಲ ಫ್ರಿಜ್ಜಿನ ಬಾಗಿಲು ತೆರೆಯದೆ ಸೀಸೆ ಗಟ್ಟಿಯಾಗುತ್ತಿತ್ತು. ಬೆಳಿಗ್ಗೆ ಅವಳು ಮೊದಲು ಎಲ್ಲರ ಡಬ್ಬಿಗಳನ್ನೂ ಟ್ರೇಯಲ್ಲಿ ಹೊರಗಿಡುತ್ತಿದ್ದಳು. ತಣ್ಣನೆಯದನ್ನು ಚುಚ್ಚಿದರೆ ವಯಸ್ಸಾದವರಿಗೆ ನೋಯುತ್ತದೆ ಎಂದು. ಎಲ್ಲರಿಗೂ ಮಾತ್ರೆ ಕೊಟ್ಟು ಮುಗಿಸಿ ಬರುವಷ್ಟರಲ್ಲಿ ಸೀಸೆಯೊಳಗೆ ಎಲ್ಲ ಕರಗಿ ತಿಳಿನೀರಾಗಿರುತ್ತಿತ್ತು. ನೋಡುವುದಕ್ಕೆ ಒಂಚೂರೂ ವ್ಯತ್ಯಾಸವಿಲ್ಲ. ಹೀಗೆ ಅವಳು ಬೆಳಿಗ್ಗೆ ಸಂಜೆ ತಾತನಿಗೆ ಅಕ್ಕರೆಯಿಂದ, ನೋವಾಗದ ಹಾಗೆ, ಬರೀ ನೀರು ಚುಚ್ಚುತ್ತಿದ್ದಳು.

ಆ ದಿನಗಳಲ್ಲೇ ತಾತನ ಬಲಗಾಲಿನ ಹಿಮ್ಮಡಿಗೆ ಗುಂಡುಸೂಜಿ ಹೊಕ್ಕಿತು. ಶುಗರಿನಿಂದ ಪಾದಕ್ಕೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಸಾಕ್ಸಿನಲ್ಲಿ ರಕ್ತ ಕಂಡ ಮೇಲೆಯೇ ಗೊತ್ತಾದದ್ದು. "ಜೀವಮಾನವೆಲ್ಲ ಸೂಜಿ ಹಿಡಿದವನಿಗೆ ಸೂಜಿ ಚುಚ್ಚಿದ್ದು ಗೊತ್ತಾಗ್ಲಿಲ್ಲ ನೋಡು" ಎಂದು ತಾನೇ ನಕ್ಕ. ಸಿಸ್ಟರ್ ತೊಳೆದು ಕಟ್ಟಿದಳು. ಗಾಯ ಒಣಗಲಿಲ್ಲ. ಅಂಚು ಕೆಂಪಾಯಿತು, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು. ಶುಗರ್ ಪರೀಕ್ಷೆ ಮಾಡಿದರೆ ಆಕಾಶಕ್ಕೇರಿತ್ತು. ವಾರಕ್ಕೊಮ್ಮೆ ಬರುವ ಡಾಕ್ಟರು ಡೋಸ್ ಏರಿಸಿದರು. ಮುಂದಿನ ವಾರವೂ ಅಷ್ಟೇ. ಉಳಿದವರ ಶುಗರ್ ಎಲ್ಲ ಸರಿಯಾಗಿತ್ತು. ಒಂದೇ ಫ್ರಿಜ್ಜು, ಒಬ್ಬಳೇ ಸಿಸ್ಟರ್, ಒಬ್ಬನೇ ಡಾಕ್ಟರು, ತಾತನದ್ದು ಮಾತ್ರ ಇಳಿಯುತ್ತಿಲ್ಲ. ಹಾಗಾದರೆ ತಪ್ಪು ತಾತನ ಬಾಯಿಯದೇ ಎಂದು ಎಲ್ಲರೂ ತೀರ್ಮಾನ ಮಾಡಿದರು.

"ಏನು ತಿಂತಿದೀಯ ಅಪ್ಪ, ನಿಜ ಹೇಳು" ಎಂದಳು ಮಗಳು. ಅವಳು ಲಾಂಡ್ರಿ ಅಂಗಡಿ ನಡೆಸುವವಳು. ರಜೆಯಿದ್ದ ದಿನ ಬಸ್ಸು ಹತ್ತಿ ಬರುತ್ತಿದ್ದಳು. ಕೆಟ್ಟವಳಲ್ಲ, ದಣಿದವಳು.

"ಇವರು ಕೊಟ್ಟ ಸಪ್ಪೆ ಊಟ ತಿಂತಿದೀನಿ. ಬೇಕಾದ್ರೆ ನೀನೂ ತಿಂದು ನೋಡು, ಪಾಪ ತೀರುತ್ತೆ."

"ತಮಾಷೆ ಸಾಕು. ಅಮ್ಮ ಏನಾದ್ರೂ ಕೊಡ್ತಾಳಾ?"

ತಾತ ಒಂದು ಗಳಿಗೆ ತಡವರಿಸಿದ. ಆ ತಡವರಿಕೆಯೇ ಸಾಕಾಯಿತು. ಮಂಚದ ಕೆಳಗೆ ನೋಡಿದರು, ದಿಂಬು ಎತ್ತಿ ನೋಡಿದರು, ಕೊನೆಗೆ ಮ್ಯಾನೇಜರು ಮಷೀನಿನ ಡ್ರಾಯರು ಎಳೆದರು. ಇರುವೆ ಮುತ್ತಿದ ಬಿಸ್ಕತ್ತಿನ ರಾಶಿ.

ತಾತನಿಗೆ ಮೊದಲು ಸಮಾಧಾನವೇ ಆಯಿತು. ಸಾಕ್ಷಿ ತಾನಾಗೇ ಹೊರಬಂತಲ್ಲ ಎಂದುಕೊಂಡ. "ನೋಡಿ, ತಿಂದಿದ್ರೆ ಇಲ್ಲಿ ಯಾಕೆ ಇರ್ತಿತ್ತು? ಅವಳಿಗೆ ಬೇಜಾರಾಗಬಾರದು ಅಂತ ಇಸ್ಕೊಂಡು ಇಲ್ಲಿ ಹಾಕ್ತಿದ್ದೆ."

"ಇದು ಮಿಕ್ಕಿದ್ದು. ತಿಂದಿದ್ದೆಷ್ಟೋ" ಎಂದರು ಮ್ಯಾನೇಜರು.

ತಿನ್ನದೇ ಇದ್ದದ್ದನ್ನು ತೋರಿಸಬಹುದಿತ್ತು, ತೋರಿಸಿದ್ದ. ತಿಂದಿಲ್ಲವೆಂಬುದನ್ನು ತೋರಿಸಲು ಹೊಟ್ಟೆ ಕೊಯ್ದುಕೊಳ್ಳಬೇಕಿತ್ತು. ತಾತ ಸಿಸ್ಟರ್ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. ಅವಳಿಗೂ ನಂಬಿಕೆ ಹೋಗಿತ್ತು.

ಮಗಳು ನೆಟ್ಟಗೆ ಹೆಂಗಸರ ವಾರ್ಡಿಗೆ ನಡೆದಳು. ತಾತ ಮಷೀನು ಹಿಡಿದುಕೊಂಡು ಏಳುವಷ್ಟರಲ್ಲಿ ಅವಳ ಗಂಟಲು ವರಾಂಡದವರೆಗೂ ಕೇಳಿಸುತ್ತಿತ್ತು.

"ಅಪ್ಪನ ಕಾಲು ಕೊಳೀತಾ ಇದೆ ಅಮ್ಮ. ನೀನು ಕೊಡೋ ಬಿಸ್ಕತ್ತಿಂದ. ಕಾಲು ತೆಗೀಬೇಕಾಗಿ ಬಂದ್ರೆ ಅದು ನಿನ್ನಿಂದಾನೇ, ತಿಳ್ಕೋ."

ಬೆಳಿಗ್ಗೆ ಏನು ತಿಂದೆ ಎಂದು ಮಧ್ಯಾಹ್ನ ಹೇಳಲಾಗದ ಹೆಂಗಸು ಅವಳು. ಯಾವ ಊರು, ಯಾವ ವರ್ಷ, ತನಗೆಷ್ಟು ಮಕ್ಕಳು ಎಂಬುದು ದಿನಕ್ಕೊಂದು ಥರ. ಏನೂ ನಿಲ್ಲದ ಆ ತಲೆಯಲ್ಲಿ ಈ ಒಂದು ಮಾತು ಮೊಳೆ ಹೊಡೆದ ಹಾಗೆ ನಿಂತುಬಿಟ್ಟಿತು.

ಅಜ್ಜಿ ಗಂಡಸರ ಕಡೆಗೆ ಬರಬಾರದು ಎಂದು ಕಟ್ಟಪ್ಪಣೆಯಾಯಿತು. ಅವಳು ಸಂಜೆ ಸಂಜೆ ನಡುವಿನ ಬಾಗಿಲವರೆಗೂ ಬಂದು ನಿಲ್ಲುತ್ತಿದ್ದಳು. ಆಯಾ ಬಂದು ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದಳು. "ರೀ, ಕಾಲು ಹೇಗಿದೆ?" ಎಂದು ಅಲ್ಲಿಂದಲೇ ಕೇಳುವಳು. "ಚೆನ್ನಾಗಿದೆ ಕಣೇ" ಎಂದು ಇವನು ಇಲ್ಲಿಂದಲೇ ಕೂಗುವನು. ಚೆನ್ನಾಗೇನೂ ಇರಲಿಲ್ಲ. ಗಾಯದ ವಾಸನೆಗೆ ಪಕ್ಕದ ಮಂಚದವನು ಮೂಗಿನ ಮೇಲೆ ಟವೆಲು ಹಾಕಿಕೊಂಡು ಮಲಗತೊಡಗಿದ್ದ. ಪೆಡಲ್ ತುಳಿಯಬಾರದೆಂದು ಡಾಕ್ಟರು ಹೇಳಿದ್ದರು. ಮಷೀನಿನ ಮೇಲೆ ಯಾರೋ ನೀರಿನ ಜಗ್ಗು ಇಟ್ಟಿದ್ದರು. ಅದನ್ನು ನೋಡಿದಾಗಲೆಲ್ಲ ತಾತನಿಗೆ ಮೈಯೆಲ್ಲ ಉರಿಯುತ್ತಿತ್ತು, ಎದ್ದು ಹೋಗಿ ತೆಗೆಯಲು ಆಗುತ್ತಿರಲಿಲ್ಲ.

ಬಿಸ್ಕತ್ತು ನಿಂತು ಎಷ್ಟೋ ದಿನವಾದರೂ ಶುಗರ್ ಇಳಿಯಲಿಲ್ಲ. ಅಲ್ಲಿಗಾದರೂ ಯಾರಿಗಾದರೂ ಹೊಳೆಯಬೇಕಿತ್ತು. ಹೊಳೆಯಿತು ಕೂಡ. ಅದೇ ಈ ಕತೆಯಲ್ಲಿ ಹೊಟ್ಟೆ ಉರಿಯುವ ಭಾಗ.

ಆ ದಿನ ಡಾಕ್ಟರು ಬಂದು ಬ್ಯಾಂಡೇಜು ಬಿಚ್ಚಿಸಿ ನೋಡಿದರು. ಮಂಚದ ಸುತ್ತ ಮ್ಯಾನೇಜರು, ಸಿಸ್ಟರ್, ಮಗಳು. ಮ್ಯಾನೇಜರು ಗಂಟಲು ಸರಿಮಾಡಿಕೊಂಡು ಮಗಳಿಗೆ ಹೇಳಿದರು: "ಅಜ್ಜಿ ಹೇಗೋ ಕಣ್ಣು ತಪ್ಪಿಸಿ ಕೊಡ್ತಾನೇ ಇದ್ದಾರೆ ಅನ್ಸುತ್ತೆ. ಅವರನ್ನ ಬೇರೆ ಹೋಮಿಗೆ ಕಳಿಸೋದೇ ಒಳ್ಳೇದು. ನಮಗೆ ಗೊತ್ತಿರೋ ಒಂದು ಕಡೆ ಜಾಗ ಇದೆ."

ಮಗಳು ಬೇಡ ಎನ್ನಲಿಲ್ಲ. "ಅಪ್ಪನ ಕಾಲು ಉಳಿಯೋದಾದ್ರೆ..." ಎಂದಳು.

ಬೇರೆ ಕಡೆ ಹೋದರೆ ಅವಳು ತನ್ನನ್ನೂ ಮರೆಯುತ್ತಾಳೆ, ತಾತನಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ದಿನಾ ಒಂದು ಸಲ ಬಾಗಿಲ ಬಳಿಯಿಂದಾದರೂ ಮುಖ ನೋಡುತ್ತಿರುವುದರಿಂದ ಅವಳ ತಲೆಯಲ್ಲಿ ಅವನೊಬ್ಬ ಉಳಿದಿದ್ದ. ಅವನ ಕಿವಿಯಲ್ಲಿ ಬೇರೆ ಹೋಮು, ಬೇರೆ ಹೋಮು ಎಂಬ ಮಾತೊಂದೇ ಗುಂಯ್‌ಗುಡುತ್ತಿತ್ತು.

ಡಾಕ್ಟರು ಮಾತ್ರ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದರು. "ಇಷ್ಟು ಡೋಸ್ ಕೊಟ್ಟೂ ಇಳೀತಿಲ್ಲ. ಅರ್ಧರ್ಧ ಬಿಸ್ಕತ್ತಿಗೆಲ್ಲ ಹೀಗಾಗಲ್ಲ" ಎಂದರು. ಸಿಸ್ಟರ್ ಕಡೆ ತಿರುಗಿದರು. "ಇವರ ಇನ್ಸುಲಿನ್ ಎಲ್ಲಿಡ್ತೀರಿ? ಫ್ರಿಜ್ಜು ಸರಿಯಾಗಿದೆಯಾ?"

ಸಿಸ್ಟರ್ ಬಾಯಿ ತೆರೆದಳು. ಅವಳು ಹೇಳಿಬಿಡುತ್ತಿದ್ದಳು. ಹೆಮ್ಮೆಯಿಂದಲೇ ಹೇಳುತ್ತಿದ್ದಳು, ತಾತನದ್ದನ್ನು ಎಲ್ಲಕ್ಕಿಂತ ಒಳಗೆ, ಐಸಿಗೆ ತಾಗಿಸಿ ಇಟ್ಟಿದ್ದೀನಿ ಸಾರ್ ಎಂದು. ಡಾಕ್ಟರಿಗೆ ಅಷ್ಟು ಸಾಕಿತ್ತು.

ಅಷ್ಟರಲ್ಲಿ ತಾತ ಮೊಣಕೈ ಊರಿ ಅರ್ಧ ಎದ್ದು, "ಡಾಕ್ಟ್ರೇ, ನನ್ನ ಹೆಂಡ್ತೀದೇನೂ ತಪ್ಪಿಲ್ಲ. ನಾನೇ ಕದ್ದು ತಿಂತಿದ್ದೆ" ಎಂದ.

ಎಲ್ಲರೂ ಅವನ ಕಡೆ ನೋಡಿದರು.

"ಅಡುಗೆಮನೆ ಡಬ್ಬದಿಂದ ಸಕ್ಕರೆ. ಎಲ್ಲರೂ ಮಲಗಿದಾಗ ಹೋಗಿ ಮುಕ್ಕುತ್ತಿದ್ದೆ. ಅವಳನ್ನ ಎಲ್ಲಿಗೂ ಕಳಿಸ್ಬೇಡಿ. ಇನ್ಮೇಲೆ ಮುಟ್ಟಲ್ಲ."

ಸಕ್ಕರೆ ಮುಕ್ಕುವುದಿರಲಿ, ಆ ಕಾಲಿನಲ್ಲಿ ಅಡುಗೆಮನೆಯವರೆಗೆ ನಡೆಯಲು ಆಗುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಎಲ್ಲರ ಕಿವಿಗೂ ಬೇಕಾಗಿದ್ದ ತಪ್ಪೊಪ್ಪಿಗೆ ಅದು, ಸಿಕ್ಕ ಕೂಡಲೇ ಹಿಡಿದುಕೊಂಡರು. ಡಾಕ್ಟರ ಹುಬ್ಬಿನ ಗಂಟು ಬಿಚ್ಚಿಕೊಂಡಿತು. "ನೋಡಿ, ಇದನ್ನ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ" ಎಂದು ಬೈದು, ಡೋಸನ್ನು ಇನ್ನಷ್ಟು ಏರಿಸಿ ಬರೆದರು. ಫ್ರಿಜ್ಜಿನ ಮಾತು ಅಲ್ಲಿಗೆ ಮುಗಿಯಿತು. ಮಗಳು ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ಸಿಗೆ ಹೋದಳು. ಸಿಸ್ಟರ್ ಕಣ್ಣು ಒರೆಸಿಕೊಳ್ಳುತ್ತ, "ಹೀಗಾ ತಾತ ನಮ್ಮನ್ನೆಲ್ಲ ಏಮಾರಿಸೋದು?" ಎಂದಳು.

ತಾತನಿಗೆ ಅವಮಾನವಾಯಿತು, ಆದರೂ ಒಳಗೊಳಗೇ ಗೆದ್ದ ಹಾಗೂ ಆಯಿತು. ಅವಳನ್ನು ಕಳಿಸುವುದು ನಿಂತಿತು. ಬಾಗಿಲಾಚೆಯ ಕಾವಲೂ ಹೋಯಿತು. ಮಾರನೆಯ ದಿನ ಅಜ್ಜಿ ಬಂದು ಮಂಚದ ಪಕ್ಕ ಕೂತಳು. ಕೆಟ್ಟ ಹೆಸರು ತಾನೇ, ಇದ್ದರಿರಲಿ, ಅಗ್ಗಕ್ಕೇ ಆಯಿತು ಎಂದುಕೊಂಡ ಪಾಪದ ಮುದುಕ.

"ಬಿಸ್ಕತ್ತಿಂದ ಅಲ್ಲ ಕಣೇ. ನಾನೇ ಸಕ್ಕರೆ ಕದ್ದೆ" ಎಂದು ಅವಳಿಗೂ ಹೇಳಿದ.

ಅವಳು ಅವನ ಮುಖವನ್ನೇ ನೋಡಿದಳು. "ನನ್ನ ಉಳಿಸೋಕೆ ಹೇಳ್ತಿದೀರ. ನಿಮಗೆ ಸುಳ್ಳು ಹೇಳೋಕೆ ಯಾವತ್ತು ಬಂದಿದೆ?" ಎಂದಳು.

ಕಾಲು ಕಪ್ಪಾಯಿತು. ಜ್ವರ ಬಂತು. ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಹೋಮಿನ ಚೀಟಿ ನೋಡಿ ಅಷ್ಟೇ ಡೋಸನ್ನು ಆಸ್ಪತ್ರೆಯ ಇನ್ಸುಲಿನ್ನಿನಿಂದ ಕೊಟ್ಟರು. ಅದು ನಿಜವಾದ ಇನ್ಸುಲಿನ್. ತಾತ ಬೆವೆತು, ನಡುಗಿ, ಮಾತು ತೊದಲಿ, ಪ್ರಜ್ಞೆ ತಪ್ಪಿದ. ಶುಗರ್ ಪಾತಾಳಕ್ಕೆ ಇಳಿದಿತ್ತು. ಗ್ಲೂಕೋಸ್ ಹಾಕಿ ಉಳಿಸಿಕೊಂಡರು. ಆಮೇಲೆ ತೀರಾ ಕಡಿಮೆ ಮದ್ದಿಗೇ ಶುಗರ್ ತೆಪ್ಪಗೆ ನಿಂತಿತು. ಆದರೆ ಕಾಲು ಅಷ್ಟರಲ್ಲಿ ಸತ್ತಿತ್ತು. ಮೊಣಕಾಲಿನ ಕೆಳಗೆ ಕತ್ತರಿಸಿದರು.

ಅಲ್ಲಿಯ ಡಾಕ್ಟರು ಚಿಕ್ಕವರು. ಮಗಳನ್ನು ಪಕ್ಕಕ್ಕೆ ಕರೆದು ಹೇಳಿದರು: "ಇವರು ಸಕ್ಕರೆ ತಿಂತಿದ್ರು ಅನ್ನೋದು ನಂಗೆ ನಂಬಿಕೆ ಇಲ್ಲ. ಅಲ್ಲಿ ಇವರಿಗೆ ಕೊಡ್ತಿದ್ದ ಇನ್ಸುಲಿನ್ನೇ ಕೆಲಸ ಮಾಡ್ತಿರಲಿಲ್ಲ. ಎಲ್ಲಿ, ಹೇಗೆ ಇಟ್ಟಿದ್ರು ಅಂತ ಕೇಳಿ ನೋಡಿ."

ಮಗಳು ಸಿಸ್ಟರಿಗೆ ಫೋನು ಮಾಡಿದಳು. ಸಿಸ್ಟರ್ ಮಾರನೆಯ ಬೆಳಿಗ್ಗೆ ಟ್ರೇ ತೆಗೆಯುವುದಕ್ಕೆ ಮೊದಲು ಫ್ರಿಜ್ಜಿನ ಒಳಗೆ ಕೈ ಹಾಕಿದಳು. ತಾತ ಆಸ್ಪತ್ರೆಗೆ ಹೋದಾಗಿನಿಂದ ಮುಟ್ಟದ ಅವನ ಡಬ್ಬಿ ತಗಡಿಗೆ ಅಂಟಿಕೊಂಡಿತ್ತು, ಎಳೆದರೆ ಬರಲಿಲ್ಲ. ಕಿತ್ತು ತೆಗೆದು ಸೀಸೆಯನ್ನು ಅಲುಗಾಡಿಸಿದಳು. ಒಳಗೆ ಏನೂ ಅಲುಗಾಡಲಿಲ್ಲ.

ಮ್ಯಾನೇಜರು ತಿರುಗುಣಿಯನ್ನು ನಡುವಿಗೆ ತಿರುಗಿಸಿದರು, ಫ್ರಿಜ್ಜಿಗೊಂದು ಥರ್ಮಾಮೀಟರು ತಂದರು, ಎಲ್ಲರ ಡಬ್ಬಿಗಳನ್ನೂ ನಡುವಿನ ಅರೆಗೆ ಸರಿಸಿದರು. ಇಷ್ಟು ಕೆಲಸಕ್ಕೆ ಟೀ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. "ಆಗಿದ್ದು ಆಗೋಯ್ತು. ಹೊರಗೆ ಎಲ್ಲೂ ಬಾಯಿ ಬಿಡ್ಬೇಡ" ಎಂದು ಸಿಸ್ಟರಿಗೆ ಹೇಳಿದರು.

ಅವಳು ಬಾಯಿ ಬಿಟ್ಟಳು. ತಾತ ಗಾಲಿಕುರ್ಚಿಯಲ್ಲಿ ಹೋಮಿಗೆ ವಾಪಸಾದ ದಿನವೇ ಅವನ ಮಂಚದ ಪಕ್ಕ ಕೂತು, ಬಿಕ್ಕುತ್ತ, ಎಲ್ಲವನ್ನೂ ಹೇಳಿದಳು. ತಾತ ಬೈಯುತ್ತಾನೆಂದು ಕಾದಳು, ಬೈಯಲಿಲ್ಲ.

"ನಿಂಗೆ ನನ್ನ ಮೇಲೆ ಪ್ರೀತಿ ಸ್ವಲ್ಪ ಕಡಿಮೆ ಇದ್ದಿದ್ರೆ ಎಲ್ಲರದ್ದರ ಜೊತೆ ಬಾಗಿಲಲ್ಲೇ ಇಟ್ಟಿರ್ತಿದ್ದೆ, ಅಲ್ವೇನಮ್ಮ?" ಎಂದ.

ಅವಳು ಹೌದೆಂದು ತಲೆಯಾಡಿಸಿದಳು.

"ಅವತ್ತು ಡಾಕ್ಟ್ರು ಕೇಳಿದ್ರು. ನಾನು ನಡುವೆ ಬಾಯಿ ಹಾಕಿದೆ." ತನ್ನ ಕಾಲು ತನ್ನ ನಾಲಿಗೆಯಿಂದಲೇ ಹೋಯಿತೆಂಬುದು ಅವನಿಗೆ ಆಗ ಪೂರ್ತಿ ಅರ್ಥವಾಯಿತು. ಯಾರನ್ನು ಬೈಯಲಿ? ಬೈಯಲು ಒಬ್ಬರಾದರೂ ಕೆಟ್ಟವರು ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸಿಸ್ಟರ್ ಕಡೆ ತಿರುಗಿ ಹೇಳಿದ: "ನಂಗೆ ಹೇಳಿದ್ದು ಸಾಕು. ಇದನ್ನ ಅವಳಿಗೆ ಹೇಳು. ಅವಳೊಬ್ಬಳಿಗೆ ಗೊತ್ತಾದ್ರೆ ಸಾಕು. ಬೇರೆ ನಂಗೇನೂ ಬೇಡ."

ಕಾಲಿನ ಆಸೆ ಮುಗಿದಿತ್ತು, ಮಷೀನಿನ ಆಸೆಯೂ ಮುಗಿದಿತ್ತು. ಉಳಿದಿದ್ದದ್ದು ಇದೊಂದೇ. ಅವಳ ತಲೆಯೊಳಗಿನ ಆ ಮೊಳೆಯನ್ನು ಕಿತ್ತು ಹಾಕಬೇಕು.

ಅಜ್ಜಿಯನ್ನು ಕರೆತಂದರು. ಅವಳು ಹೊದಿಕೆಯ ಕೆಳಗೆ ಒಂದು ಕಡೆ ಚಪ್ಪಟೆಯಾಗಿದ್ದುದನ್ನು ನೋಡಿ, "ಅಯ್ಯೋ, ನನ್ನಿಂದ..." ಎಂದು ಬಾಯಿಗೆ ಕೈ ಇಟ್ಟುಕೊಂಡಳು. ಸಿಸ್ಟರ್ ಅವಳ ಎರಡೂ ಕೈ ಹಿಡಿದು, ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದಳು. ಬಿಸ್ಕತ್ತಿನಿಂದ ಏನೂ ಆಗಿಲ್ಲ ಅಜ್ಜಿ. ತಾತ ಒಂದನ್ನೂ ತಿಂದಿರಲಿಲ್ಲ. ತಪ್ಪು ನನ್ನದು, ಮದ್ದನ್ನ ಐಸಿಗೆ ತಾಗಿಸಿ ಇಟ್ಟು ಕೆಡಿಸಿದೆ. ಅಜ್ಜಿ ಮತ್ತೆ ಮತ್ತೆ ಕೇಳಿಸಿಕೊಂಡಳು. ಆಮೇಲೆ ಅವಳ ಮುಖ ಅರಳಿತು. ಸಿಸ್ಟರಿನ ಕೆನ್ನೆ ಸವರಿ, "ನೀನೇನು ಬೇಕು ಅಂತ ಮಾಡಿದ್ಯಾ, ಅಳಬೇಡ" ಎಂದಳು. ತಾತ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಸಂಜೆ ಟೀ ಹೊತ್ತಿಗೆ ಅಜ್ಜಿ ಮತ್ತೆ ಬಂದಳು. ಹೊದಿಕೆ ನೋಡಿದಳು. "ಅಯ್ಯೋ, ನನ್ನಿಂದ..." ಎಂದಳು.

ಅಂದು ಮತ್ತೆ ಹೇಳಿದರು. ಮರುದಿನವೂ ಹೇಳಿದರು. ಸಿಸ್ಟರ್ ಹೇಳಿದಳು, ತಾತ ಹೇಳಿದ, ಮಗಳು ಬಂದು ಅಮ್ಮನ ಕಾಲು ಹಿಡಿದುಕೊಂಡು, "ನಾನು ಆಡಬಾರದ ಮಾತು ಆಡಿಬಿಟ್ಟೆ ಅಮ್ಮ" ಎಂದು ಅತ್ತಳು. ಪ್ರತಿ ಸಲವೂ ಅಜ್ಜಿಯ ಮುಖ ಅರಳುತ್ತಿತ್ತು, ಪ್ರತಿ ಸಲವೂ ಕೇಳಿದ್ದು ಅಳಿಸಿಹೋಗುತ್ತಿತ್ತು. ಐಸು, ಸೀಸೆ, ಫ್ರಿಜ್ಜು ಇದೊಂದೂ ಅವಳ ತಲೆಯಲ್ಲಿ ನಿಲ್ಲಲಿಲ್ಲ. ಬೈಗುಳಕ್ಕೆ ಸಿಕ್ಕ ಜಾಗ ಸತ್ಯಕ್ಕೆ ಸಿಗಲಿಲ್ಲ. ಪ್ರತಿದಿನ ಅವಳು ಹೊಸದಾಗಿ ಕಾಲಿಲ್ಲದ್ದನ್ನು ನೋಡಿ, ಹೊಸದಾಗಿ ಎದೆ ಬಡಿದುಕೊಳ್ಳುತ್ತಿದ್ದಳು. ಮಧ್ಯೆ ಮಧ್ಯೆ ಊಟ ಬಿಡುತ್ತಿದ್ದಳು. ಸಿಸ್ಟರಿಗೆ ಅದನ್ನು ನೋಡಲಾಗಲಿಲ್ಲ. ಕೊನೆಗೆ ಕೊರಳಿನ ಬೀಗದ ಕೈ ತೆಗೆದು ಮ್ಯಾನೇಜರ ಮೇಜಿನ ಮೇಲಿಟ್ಟು ಕೆಲಸ ಬಿಟ್ಟು ಹೋದಳು. ನಿಜ ಗೊತ್ತಿದ್ದು ಬಾಯಿ ಬಿಡುವವರಲ್ಲಿ ಹೋಮಿನೊಳಗೆ ತಾತನೊಬ್ಬನೇ ಉಳಿದ.

ಒಂದು ದಿನ ಅಜ್ಜಿ ಬಂದು, ನೋಡಿ, ಎಂದಿನಂತೆ ಶುರುಮಾಡಿದಳು. "ರೀ, ನಿಮ್ಮ ಕಾಲು ನಾನೇ ತೆಗೆಸಿಬಿಟ್ಟೆ."

ತಾತ ಬಾಯಿ ತೆರೆದ. ಐಸಿನಿಂದ ಶುರುಮಾಡಬೇಕು. ಅವನಿಗೆ ಆಯಾಸವಾಗಿತ್ತು. ಅವಳ ಕೈ ಹಿಡಿದುಕೊಂಡು ಹೇಳಿದ:

"ಹೌದು ಕಣೇ. ಆದ್ರೆ ನಾನು ಅದನ್ನ ಯಾವತ್ತೋ ಹೊಟ್ಟೆಗೆ ಹಾಕ್ಕೊಂಡಿದೀನಿ. ನನಗೆ ನಿನ್ನ ಮೇಲೆ ಒಂಚೂರೂ ಕೋ‌ಪ ಇಲ್ಲ."

ಅವಳು ಅಳು ನಿಲ್ಲಿಸಿದಳು. "ನಿಜವಾಗ್ಲೂ?"

"ನಿಜವಾಗ್ಲೂ."

ಅವಳು ಅವನ ಅಂಗೈಗೆ ಹಣೆ ಒತ್ತಿ ಬಹಳ ಹೊತ್ತು ಕೂತಳು. ಆ ಸಂಜೆ ಅಳಲಿಲ್ಲ. ಮರುದಿನ ಬಂದಾಗ ಹೊದಿಕೆ ನೋಡಿದಳು, ಮುಖ ಬಾಡಿತು, ಆದರೆ ಎದೆ ಬಡಿದುಕೊಳ್ಳಲಿಲ್ಲ; ಅವನ ಅಂಗೈ ಹುಡುಕಿ ಹಿಡಿದುಕೊಂಡಳು. ಸತ್ಯ ನಿಲ್ಲದಿದ್ದ ತಲೆಯಲ್ಲಿ ಕ್ಷಮೆ ಮಾತ್ರ ಹೇಗೋ ನಿಂತಿತು. ಮಾಡದ ತಪ್ಪಿಗೆ ಸಿಕ್ಕ ಕ್ಷಮೆ. ಅವಳ ಮೇಲೆ ಆ ಮಾತು ಬರಬಾರದೆಂದು ಕಳ್ಳನೆನಿಸಿಕೊಂಡು, ಕಾಲನ್ನೂ ಕಳೆದುಕೊಂಡವನು ಕೊನೆಗೆ ತನ್ನ ಬಾಯಿಯಿಂದಲೇ ಅದನ್ನು ಅವಳ ತಲೆಗೆ ಕಟ್ಟಿದ. ಹೌದು ಕಣೇ ಎಂದ ಆ ಒಂದು ಮಾತಿಗಾಗಿ ಅವನು ತನ್ನನ್ನು ಯಾವತ್ತೂ ಕ್ಷಮಿಸಿಕೊಳ್ಳಲಿಲ್ಲ. ಆದರೆ ಅವಳು ಊಟ ಮಾಡುತ್ತಿದ್ದಳು.

ಮಗಳು ಫೋನಿನಲ್ಲಿ, "ಅಮ್ಮ ಈಗ ಎಷ್ಟೋ ಸಮಾಧಾನವಾಗಿದ್ದಾಳಂತೆ?" ಎಂದು ಕೇಳಿದಾಗ ತಾತ ಹೂಂ ಎಂದ. ಹೇಗೆ ಎಂದು ಹೇಳಲಿಲ್ಲ.

ಈಗ ಔಷಧಿ ಕೋಣೆಗೆ ಹೊಸ ಸಿಸ್ಟರ್ ಬಂದಿದ್ದಾಳೆ. ಅವಳು ಇಂಜೆಕ್ಷನ್ ಕೊಡಲು ಬಂದಾಗ ಅಜ್ಜಿ ಗಾಲಿಕುರ್ಚಿಯ ಪಕ್ಕದಲ್ಲೇ ಇರುತ್ತಾಳೆ. ಹೊಸಬರು ಯಾರು ಕಂಡರೂ ಅವಳಿಗೆ ಹೇಳಿಕೊಳ್ಳಲು ಇರುವುದು ಒಂದೇ ಮಾತು. ಅದನ್ನು ನಾಚಿಕೆಯಿಂದಲ್ಲ, ಹೆಮ್ಮೆಯಿಂದ ಹೇಳುತ್ತಾಳೆ.

"ನಮ್ಮ ಯಜಮಾನ್ರು ದೇವರಂಥವರು ಕಣಮ್ಮ. ಬೇಡ ಬೇಡ ಅಂದ್ರೂ ಸಿಹಿ ತಿನ್ನಿಸಿ ತಿನ್ನಿಸಿ ಅವರ ಕಾಲು ಹೋಗೋ ಹಾಗೆ ಮಾಡ್ದೆ. ಇಲ್ಲೀವರೆಗೆ ಒಂದು ಮಾತು ಅಂದವರಲ್ಲ."

ಹೊಸ ಸಿಸ್ಟರ್ ಹೌದಾ ತಾತ ಎಂದು ಅವನ ಕಡೆ ನೋಡುತ್ತಾಳೆ. ಅಜ್ಜಿಯೂ ನೋಡುತ್ತಾಳೆ. ತಾತ ಹೌದೆಂದು ತಲೆಯಾಡಿಸಿ, ಇಂಜೆಕ್ಷನ್ನಿಗೆ ತೋಳು ಚಾಚುತ್ತಾನೆ.